ಟ್ಯೂಷನ್ ಬೇಕಾ, ಬೇಕಾದರೆ ಯಾವುದು? ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ ಒಂದು ಹೋಲಿಕೆ

ಶಾಲೆ ಶುರುವಾಗಿ ಮೊದಲ ಟೆಸ್ಟಿನ ಮಾರ್ಕ್ಸ್ ಬಂತು ಅಂದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಎಂಟನೇ ಕ್ಲಾಸಿಗೆ ಒಳ್ಳೆ ಮ್ಯಾಥ್ಸ್ ಟ್ಯೂಷನ್ ಯಾರಿಗಾದ್ರೂ ಗೊತ್ತಾ?" ಸ್ವಲ್ಪ ಹೊತ್ತಿಗೆ ನಾಲ್ಕೈದು ಫೋನ್ ನಂಬರ್ ಬಂದು ಬೀಳುತ್ತವೆ. ಒಬ್ಬರು ಮನೆಗೇ ಬಂದು ಹೇಳಿಕೊಡುವವರು. ಇನ್ನೊಬ್ಬರು ಪಕ್ಕದ ಕ್ರಾಸಿನಲ್ಲಿ ಬ್ಯಾಚ್ ನಡೆಸುವವರು. ಮತ್ತೊಂದು ಮೇನ್ ರೋಡಿನ ಕೋಚಿಂಗ್ ಸೆಂಟರಿನದು. ಎಲ್ಲಿ ಸೀಟು ಖಾಲಿ ಇದೆಯೋ ಅಲ್ಲಿಗೆ ಮಗು ಹೋಗುತ್ತದೆ. ಆ ಮಗುವಿಗೆ ನಿಜವಾಗಿ ಏನು ಕಷ್ಟ ಅಂತ ಅಷ್ಟು ಹೊತ್ತಿನಲ್ಲಿ ಯಾರೂ ಕೇಳಿರುವುದಿಲ್ಲ.

ವಿಜಯನಗರದ ನಮ್ಮ ಮನೆಯ ಹಾಲಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾ ಬಂದವಳು ನಾನು. ಟ್ಯೂಷನ್ನಿನಿಂದ ಚೇತರಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ. ಮೂರು ಕಡೆ ಟ್ಯೂಷನ್ನಿಗೆ ಹೋಗಿ ಸುಸ್ತಾಗಿ, ಇದ್ದ ಆಸಕ್ತಿಯನ್ನೂ ಕಳೆದುಕೊಂಡ ಮಕ್ಕಳನ್ನೂ ನೋಡಿದ್ದೇನೆ. ಅದಕ್ಕೇ ಇಲ್ಲಿ ಯಾವ ಟ್ಯೂಷನ್ ದೊಡ್ಡದು, ಯಾವುದು ಹೆಸರುವಾಸಿ ಅಂತ ಬರೆಯುತ್ತಿಲ್ಲ. ಯಾವ ಕಷ್ಟಕ್ಕೆ ಯಾವುದು ಸರಿಹೋಗುತ್ತದೆ ಅಂತ ನನಗೆ ಕಂಡಿದ್ದನ್ನು ಹೇಳುತ್ತೇನೆ.

ಇನ್ನೊಂದು ಮಾತು. "ಎಲ್ಲರೂ ಹೋಗ್ತಾರೆ, ನಮ್ಮ ಮಗು ಮಾತ್ರ ಹೋಗದಿದ್ರೆ ಹೇಗೆ" ಅನ್ನುವ ಭಯ ಬಹಳ ಜನಕ್ಕಿದೆ. ಕೇಂದ್ರ ಸರ್ಕಾರ 2025ರಲ್ಲಿ ನಡೆಸಿದ ಶಿಕ್ಷಣ ಸಮೀಕ್ಷೆಯಲ್ಲಿ ಖಾಸಗಿ ಕೋಚಿಂಗ್ ತೆಗೆದುಕೊಳ್ಳುತ್ತಿದ್ದ ವಿದ್ಯಾರ್ಥಿಗಳು ದೇಶದಲ್ಲಿ ಶೇ 27, ಪಟ್ಟಣಗಳಲ್ಲಿ ಶೇ 30.7. ಅಂದರೆ ಪಟ್ಟಣದ ಮಕ್ಕಳಲ್ಲೂ ಹತ್ತರಲ್ಲಿ ಸುಮಾರು ಏಳು ಮಂದಿ ಎಲ್ಲೂ ಹೋಗುತ್ತಿಲ್ಲ. ಆ ಭಯಕ್ಕೆ ಬಿದ್ದು ಸೇರಿಸಬೇಡಿ.

ಮೊದಲು ಹಳೆಯ ಉತ್ತರಪತ್ರಿಕೆ ತೆಗೆಯಿರಿ

ಯಾರಿಗೂ ಫೋನ್ ಮಾಡುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಮಗುವಿನ ಎರಡು ಹಳೆಯ ಉತ್ತರಪತ್ರಿಕೆ ತೆಗೆದು ಇಬ್ಬರೂ ಕೂತುಕೊಳ್ಳಿ. ತಪ್ಪಾದ ಲೆಕ್ಕಗಳನ್ನು ಮಗುವೇ ಇನ್ನೊಂದು ಸಲ ಮಾಡಲಿ. ಪುಸ್ತಕ ಮುಚ್ಚಿರಲಿ, ನೀವು ಸುಮ್ಮನಿರಿ. ಬೈಯಬೇಡಿ, ಹೇಳಿಕೊಡಲೂ ಬೇಡಿ. ಸುಮ್ನೆ ನೋಡಿ.

ಕೆಲವು ಲೆಕ್ಕ ಈಗ ಸರಿಯಾಗಿಬಿಡುತ್ತವೆ. ಅವು ಗಡಿಬಿಡಿಯ ತಪ್ಪುಗಳು, ಇಲ್ಲವೇ ಪರೀಕ್ಷೆಯಲ್ಲಿ ಸಮಯ ಸಾಲದೆ ಆದವು. ಇದಕ್ಕೆ ಟ್ಯೂಷನ್ ಬೇಕಿಲ್ಲ, ಗಡಿಯಾರ ಇಟ್ಟುಕೊಂಡು ಮಾಡುವ ಅಭ್ಯಾಸ ಸಾಕು. ಕೆಲವು ಲೆಕ್ಕ ಅರ್ಧಕ್ಕೆ ಬಂದು ನಿಲ್ಲುತ್ತವೆ. ಪಾಠ ಅರ್ಥವಾಗಿದೆ, ಕೈ ಪಳಗಿಲ್ಲ. ಇದಕ್ಕೆ ದಿನಾ ಕೂರಿಸಿ ಮಾಡಿಸುವ ಯಾರಾದರೂ ಬೇಕು. ಇನ್ನು ಕೆಲವನ್ನು ಮಗು ಮುಟ್ಟುವುದೇ ಇಲ್ಲ. ನಿಜವಾಗಿ ಯಾರಾದರೂ ಹೇಳಿಕೊಡಬೇಕಾದ್ದು ಅಲ್ಲಿ.

ಆ ಮುಟ್ಟದ ಲೆಕ್ಕಗಳ ಹಿಂದೆ ಏನಿರುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಬೀಜಗಣಿತದಲ್ಲಿ ಎಲ್ಲ ಕಡೆ ಸೋಲುತ್ತಿದ್ದಳು. ವರ್ಗಸಮೀಕರಣದ ಸೂತ್ರ ಬಾಯಿಪಾಠ, ಹೇಳು ಅಂದರೆ ತಡವರಿಸದೆ ಹೇಳುತ್ತಿದ್ದಳು. ಉತ್ತರ ಮಾತ್ರ ತಪ್ಪು. ಅವರ ಅಪ್ಪ ಎರಡು ಕಡೆ ಟ್ಯೂಷನ್ ಬದಲಾಯಿಸಿ ಮೂರನೆಯದಾಗಿ ನಮ್ಮಲ್ಲಿಗೆ ಕರೆತಂದಿದ್ದರು. ನಾನು ಹತ್ತನೇ ಕ್ಲಾಸಿನ ಪುಸ್ತಕ ತೆಗೆಯದೆ ಒಂದು ಸಣ್ಣ ಲೆಕ್ಕ ಬರೆದುಕೊಟ್ಟೆ: 7 − (3x − 2). ಅವಳು ಬರೆದದ್ದು 7 − 3x − 2, ಆಮೇಲೆ 5 − 3x. ಆವರಣದ ಮುಂದೆ ಮೈನಸ್ ಇದ್ದರೆ ಒಳಗಿನ ಚಿಹ್ನೆ ಎಲ್ಲ ಬದಲಾಗಬೇಕು, 9 − 3x ಬರಬೇಕು. ಕೆಳಗಿನ ಕ್ಲಾಸಿನಲ್ಲಿ ಬಿಟ್ಟುಹೋದ ಈ ಒಂದು ಸಂಗತಿ ಹತ್ತನೇ ಕ್ಲಾಸಿನ ನಾಲ್ಕು ಪಾಠಗಳನ್ನು ಕೆಡಿಸುತ್ತಿತ್ತು. ಹಿಂದಿನ ಎರಡೂ ಟ್ಯೂಷನ್ನಿನಲ್ಲಿ ಹತ್ತನೇ ಕ್ಲಾಸಿನ ಪೋರ್ಷನ್ನನ್ನೇ ಮತ್ತೆ ಮತ್ತೆ ಮಾಡಿಸಿದ್ದರು. ಅವಳ ಕೈ ಎಲ್ಲಿ ತಪ್ಪುತ್ತಿದೆ ಅಂತ ಪಕ್ಕದಲ್ಲಿ ಕೂತು ನೋಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಊರಿನಲ್ಲಿ ಇನ್ನೊಂದು ಕಷ್ಟವೂ ಇದೆ. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳು ತುಂಬಾ ಮಂದಿ. ಕೂಡು-ಕಳೆ ಎಲ್ಲ ಚೆನ್ನಾಗಿ ಬರುತ್ತದೆ, ವಾಕ್ಯದ ಲೆಕ್ಕ ಬಂದರೆ ಸುಮ್ಮನಾಗುತ್ತಾರೆ. ಅದೇ ಲೆಕ್ಕವನ್ನು ನೀವು ಕನ್ನಡದಲ್ಲಿ ಓದಿ ಹೇಳಿ ನೋಡಿ. ಮಗು ಮಾಡಿಬಿಟ್ಟರೆ ಅದಕ್ಕೆ ಬೇಕಿರುವುದು ಗಣಿತದ ಟ್ಯೂಷನ್ ಅಲ್ಲ, ಕನ್ನಡ-ಇಂಗ್ಲಿಷ್ ಎರಡರಲ್ಲೂ ಪಾಠ ಮಾಡಬಲ್ಲ ಒಬ್ಬ ಮೇಷ್ಟ್ರು. ಟ್ಯೂಷನ್ ಹುಡುಕುವಾಗ ಇದನ್ನು ಮೊದಲೇ ಬಾಯಿಬಿಟ್ಟು ಕೇಳಿ.

ಪಕ್ಕದ ಕ್ರಾಸಿನ ಬ್ಯಾಚ್

ಬೆಂಗಳೂರಿನಲ್ಲಿ ಜಾಸ್ತಿ ಮಕ್ಕಳು ಹೋಗುವುದು ಇಲ್ಲಿಗೇ. ಮಿಸ್ಸೊಬ್ಬರ ಮನೆಯ ಹಾಲ್ ಅಥವಾ ಮಹಡಿ, ನೆಲದ ಮೇಲೆ ಚಾಪೆ, ಗೋಡೆಗೆ ಒಂದು ಬೋರ್ಡು, ಸಂಜೆ ಐದೂವರೆಯಿಂದ ಏಳರವರೆಗೆ ಒಂದು ಬ್ಯಾಚ್.

ಇದರ ದೊಡ್ಡ ಅನುಕೂಲ ದೂರ ಕಡಿಮೆ. ಈ ಊರಿನ ಟ್ರಾಫಿಕ್ಕಿನಲ್ಲಿ ಅದು ಸಣ್ಣ ಮಾತಲ್ಲ. ನಾಗರಬಾವಿಯ ಮಗು ಸಂಜೆ ಹೊತ್ತಿನಲ್ಲಿ ಜಯನಗರಕ್ಕೆ ಹೋಗಿ ಬರಬೇಕು ಅಂದರೆ ಪಾಠಕ್ಕಿಂತ ದಾರಿಗೇ ಜಾಸ್ತಿ ಸಮಯ ಹೋಗುತ್ತದೆ, ಅಲ್ವಾ? ಹತ್ತನೇ ಕ್ಲಾಸಿನವರೆಗೆ ನಡೆದು ಹೋಗುವಷ್ಟು ದೂರದಲ್ಲಿರುವ ಸಾಧಾರಣ ಟ್ಯೂಷನ್, ಊರಾಚೆಯ ಹೆಸರುವಾಸಿ ಟ್ಯೂಷನ್ನಿಗಿಂತ ಎಷ್ಟೋ ಮೇಲು. ಉಳಿದ ಸಮಯದಲ್ಲಿ ಮಗು ಆಡುತ್ತದೆ, ಮಲಗುತ್ತದೆ.

ಎರಡನೇ ಅನುಕೂಲ ಜೊತೆ. ಮನೆಯಲ್ಲಿ ಒಂಟಿಯಾಗಿ ಕೂತರೆ ಪುಸ್ತಕ ತೆರೆಯದ ಮಗು ಜೊತೆಯವರು ಬರೆಯುತ್ತಿದ್ದರೆ ತಾನೂ ಬರೆಯುತ್ತದೆ. ಕೈ ಪಳಗದ ಮಕ್ಕಳಿಗೆ ಇದು ತುಂಬಾ ಒಳ್ಳೆಯದು.

ಆದರೆ ಒಂದು ಲೆಕ್ಕ ಹಾಕಿ. ಒಂದು ಗಂಟೆ, ಹತ್ತು ಮಕ್ಕಳು. ಮಿಸ್ ಬೋರ್ಡಿನ ಮೇಲೆ ಏನೂ ಹೇಳಿಕೊಡದಿದ್ದರೂ ಒಂದು ಮಗುವಿನ ಪಾಲಿಗೆ ಆರು ನಿಮಿಷ. ಅದೇ ಗುಂಪಿನಲ್ಲಿ ಆರನೇ ಕ್ಲಾಸು, ಎಂಟನೇ ಕ್ಲಾಸು, ಸ್ಟೇಟ್, ಸಿಬಿಎಸ್‌ಇ ಎಲ್ಲ ಸೇರಿದ್ದರೆ ಅದೂ ಇಲ್ಲ. ಹಾಗಾಗಿ ಮೊದಲು ಕೇಳಬೇಕಾದ್ದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಎಲ್ಲರೂ ಒಂದೇ ಕ್ಲಾಸಿನವರಾ ಅಂತ. ಐದಾರು ಮಕ್ಕಳ, ಒಂದೇ ಕ್ಲಾಸಿನ ಬ್ಯಾಚ್ ಸಿಕ್ಕರೆ ಬಿಡಬೇಡಿ. ಹದಿನೈದು ದಾಟಿದರೆ ಅದು ಇನ್ನೊಂದು ಶಾಲೆ ಅಷ್ಟೆ.

ಇಂಥ ಎಷ್ಟೋ ಕಡೆ ನಡೆಯುವುದು ಶಾಲೆಯ ಹೋಮ್‌ವರ್ಕ್ ಮುಗಿಸುವ ಕೆಲಸ. ಅಪ್ಪ-ಅಮ್ಮ ಇಬ್ಬರೂ ಎಂಟು ಗಂಟೆಗೆ ಮನೆ ಸೇರುವವರಾದರೆ ಅದೂ ಒಂದು ಸಹಾಯವೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದರಿಂದ ಮಗುವಿನ ಹಳೆಯ ಕೊರತೆ ತುಂಬುತ್ತದೆ ಅಂತ ನಂಬಬೇಡಿ.

ಮನೆಗೆ ಬರುವ ಮೇಷ್ಟ್ರು

ಒಬ್ಬರಿಗೊಬ್ಬರು ಕೂತು ಕಲಿಯುವುದರ ಬಲದ ಬಗ್ಗೆ ಶಿಕ್ಷಣದ ಸಂಶೋಧಕರು ಬಹಳ ಹಿಂದಿನಿಂದ ಬರೆಯುತ್ತಾ ಬಂದಿದ್ದಾರೆ. 1984ರಲ್ಲಿ ಬೆಂಜಮಿನ್ ಬ್ಲೂಮ್ ಅನ್ನುವವರು, ಒಬ್ಬೊಬ್ಬರಾಗಿ ಪಾಠ ಹೇಳಿಸಿಕೊಂಡ ಸಾಮಾನ್ಯ ವಿದ್ಯಾರ್ಥಿ ತರಗತಿಯಲ್ಲಿ ಕಲಿತ ಶೇ 98ರಷ್ಟು ಮಕ್ಕಳಿಗಿಂತ ಮುಂದೆ ಹೋಗುತ್ತಾನೆ ಅಂತ ಬರೆದರು. ಹೋಮ್ ಟ್ಯೂಷನ್ ಮಾರುವವರು ಇವತ್ತಿಗೂ ಅದನ್ನೇ ಹೇಳುತ್ತಾರೆ. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ. 2020ರಲ್ಲಿ ಸಂಶೋಧಕರು 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಖಂಡಿತ ಇದೆ, ಆದರೆ ಬ್ಲೂಮ್ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ ಅಂತ ಗೊತ್ತಾಯಿತು. ಪಾಠ ಹೇಳಿ ಅನುಭವ ಇರುವವರಿಂದ, ವಾರಕ್ಕೆ ಮೂರು ಸಲವಾದರೂ ನಡೆದರೆ ಹೆಚ್ಚು ಫಲ ಅಂತಲೂ ಅದರಲ್ಲಿ ಕಂಡಿತು. ಇದು ನನ್ನ ಅನುಭವಕ್ಕೂ ಸರಿಹೊಂದುತ್ತದೆ. ಶನಿವಾರ ಒಂದು ದಿನ ಎರಡು ಗಂಟೆ ಒಟ್ಟಿಗೆ ಕೂರಿಸುವುದಕ್ಕಿಂತ ಮೂರು ದಿನ ನಲವತ್ತು ನಿಮಿಷ ಒಳ್ಳೆಯದು.

ಹಾಗಂತ ಒಬ್ಬರೇ ಮೇಷ್ಟ್ರು, ಒಂದೇ ಮಗು ಇದ್ದ ಮಾತ್ರಕ್ಕೆ ಕಲಿಕೆ ಆಗಿಬಿಡುವುದಿಲ್ಲ. ಆ ಗಂಟೆಯಲ್ಲಿ ಯಾರು ಮಾತಾಡುತ್ತಾರೆ, ಯಾರ ಪೆನ್ಸಿಲ್ ಓಡುತ್ತದೆ ಅನ್ನುವುದೇ ಮುಖ್ಯ. ಮಿಷೆಲಿನ್ ಚಿ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಯವರು 2001ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಹೇಳಿಕೊಡುವವರಿಗೆ ವಿವರಿಸಲೇಬೇಡಿ, "ಆಮೇಲೆ?", "ಅದು ಯಾಕೆ?" ಅಂತ ಕೇಳುತ್ತಾ ಮಕ್ಕಳಿಂದ ಮಾತಾಡಿಸಿ ಅಂತ ಹೇಳಿದ್ದರು. ವಿವರಿಸಿ ಹೇಳಿಕೊಟ್ಟಾಗ ಎಷ್ಟು ಕಲಿತರೋ ಆ ಮಕ್ಕಳೂ ಅಷ್ಟೇ ಚೆನ್ನಾಗಿ ಕಲಿತರು.

ಅದಕ್ಕೇ ಡೆಮೊ ಕ್ಲಾಸಿನ ದಿನ ಅಡುಗೆಮನೆಯಲ್ಲಿ ನಿಮ್ಮ ಕೆಲಸ ಮಾಡುತ್ತಾ ಸುಮ್ನೆ ಕಿವಿ ಕೊಡಿ. ಒಂದು ಗಂಟೆಯೂ ಮೇಷ್ಟ್ರ ದನಿಯೇ ಕೇಳಿಸಿ, ನಡುವೆ ಮಗು "ಹ್ಞೂಂ ಸರ್", "ಅರ್ಥ ಆಯ್ತು ಸರ್" ಅಂತ ಮಾತ್ರ ಅನ್ನುತ್ತಿದ್ದರೆ ಆ ಮೇಷ್ಟ್ರು ಎಷ್ಟೇ ಓದಿದವರಾಗಿರಲಿ, ನಿಮ್ಮ ಮಗುವಿಗೆ ಆಗುವುದಿಲ್ಲ. ನೋಟ್ಸ್ ತಿರುವಿ ನೋಡಿ. ಲೆಕ್ಕ ಮೇಷ್ಟ್ರ ಕೈಬರಹದಲ್ಲೇ ತುಂಬಿದ್ದರೆ ಕಲಿತವರು ಅವರೇ. ಮಗುವಿನ ಬರಹ, ಹೊಡೆದು ಹಾಕಿದ ಸಾಲು, ಪಕ್ಕದಲ್ಲಿ ಮತ್ತೆ ಮಾಡಿದ ಲೆಕ್ಕ ಕಂಡರೆ ಖುಷಿಪಡಿ. ನಾನು ಇನ್ನೊಂದನ್ನೂ ನೋಡುತ್ತೇನೆ. ಮಗು ತಪ್ಪು ಉತ್ತರ ಹೇಳಿದಾಗ ಮೇಷ್ಟ್ರು ಏನು ಮಾಡುತ್ತಾರೆ? ತಕ್ಷಣ ಸರಿ ಉತ್ತರ ಹೇಳಿಬಿಡುತ್ತಾರಾ, "ಇದು ಹೇಗೆ ಬಂತು, ತೋರಿಸು" ಅನ್ನುತ್ತಾರಾ? ಎರಡನೆಯವರು ಸಿಕ್ಕರೆ ಅವರ ಡಿಗ್ರಿ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ.

ಹೋಮ್ ಟ್ಯೂಷನ್ ದುಬಾರಿ. ಬ್ಯಾಚಿಗೆ ತಿಂಗಳ ಲೆಕ್ಕ, ಇದಕ್ಕೆ ಗಂಟೆಯ ಲೆಕ್ಕ. ಏರಿಯಾ ಮೇಲೆ, ಬೋರ್ಡ್ ಮೇಲೆ, ಕ್ಲಾಸಿನ ಮೇಲೆ ಫೀಸ್ ಬದಲಾಗುತ್ತದೆ. ವರ್ಷಪೂರ್ತಿ ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಮೇಲೆ ಹೇಳಿದ ಮೈನಸ್ ಚಿಹ್ನೆಯಂಥ ಕೊರತೆಗೆ ಎರಡು ಮೂರು ತಿಂಗಳು ಸಾಕು. "ಭಿನ್ನರಾಶಿ, ಬೀಜಗಣಿತದ ಬುನಾದಿ ಇಷ್ಟು ಸರಿ ಮಾಡಿಕೊಡಿ" ಅಂತ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಬ್ಯಾಚಿಗೆ ಕಳಿಸಿದರೂ ನಡೆಯುತ್ತದೆ.

ಸುರಕ್ಷತೆಯ ಮಾತನ್ನು ಮುಜುಗರವಿಲ್ಲದೆ ಆಡಬೇಕು. ಪಾಠ ಹಾಲಿನಲ್ಲಿ ನಡೆಯಲಿ, ಬಾಗಿಲು ತೆರೆದಿರಲಿ, ಮನೆಯಲ್ಲಿ ದೊಡ್ಡವರು ಒಬ್ಬರು ಇರಲಿ. ಬರುವವರ ಗುರುತಿನ ಚೀಟಿ ನೋಡಿ, ಹಿಂದೆ ಪಾಠ ಹೇಳಿದ ಎರಡು ಮನೆಯವರ ಜೊತೆ ಮಾತಾಡಿ. ಒಳ್ಳೆಯ ಮೇಷ್ಟ್ರು ಇದರಿಂದ ಬೇಜಾರು ಮಾಡಿಕೊಳ್ಳುವುದಿಲ್ಲ. ಬ್ಯಾಚಿಗೆ ಕಳಿಸುವಾಗಲೂ ಇದೇ ಎಚ್ಚರ ಇರಲಿ.

ಮಗುವಿನ ಶಾಲೆಯ ಟೀಚರನ್ನೇ ಟ್ಯೂಷನ್ನಿಗೆ ಕೇಳುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅಂತ ಹೇಳುತ್ತದೆ. ಕಾನೂನು ಬದಿಗಿಟ್ಟರೂ ಪ್ರಶ್ನೆಪತ್ರಿಕೆ ತೆಗೆಯುವವರೇ ಸಂಜೆ ಟ್ಯೂಷನ್ ಮಾಡಿದರೆ ಬೇರೆ ಮಕ್ಕಳಿಗೆ ಅನ್ಯಾಯ. ಅವರನ್ನು ಶಾಲೆಯಲ್ಲೇ ಭೇಟಿಯಾಗಿ, ಮಗು ಎಲ್ಲಿ ಹಿಂದೆ ಬಿದ್ದಿದೆ ಅಂತ ಕೇಳಿ. ಅದಕ್ಕೆ ದುಡ್ಡು ಬೇಕಿಲ್ಲ.

ಆನ್‌ಲೈನ್ ಮತ್ತು ಆಪ್

ಒಬ್ಬರಿಗೊಬ್ಬರು ಆನ್‌ಲೈನ್ ಪಾಠ ದೊಡ್ಡ ಮಕ್ಕಳಿಗೆ ಚೆನ್ನಾಗಿಯೇ ನಡೆಯುತ್ತದೆ. ವೈಟ್‌ಫೀಲ್ಡ್ ಕಡೆ ಇದ್ದುಕೊಂಡು ಮಲ್ಲೇಶ್ವರದ ಮೇಷ್ಟ್ರ ಹತ್ತಿರ ಕಲಿಯಬಹುದು, ರಸ್ತೆಯ ಕಾಟವಿಲ್ಲ. ಮಗುವಿನ ಕಾಗದ ಮೇಷ್ಟ್ರಿಗೆ ಕಾಣುವ ಹಾಗೆ ಕ್ಯಾಮೆರಾ ಇಡಬೇಕು, ಅದು ಮುಖ್ಯ. ಮುಖ ಮಾತ್ರ ಕಂಡರೆ ಮೈನಸ್ ಎಲ್ಲಿ ತಪ್ಪಿತು ಅಂತ ಹೇಗೆ ಗೊತ್ತಾಗಬೇಕು? ಐದನೇ ಕ್ಲಾಸಿನ ಕೆಳಗಿನ ಮಕ್ಕಳಿಗೆ ಇದು ಬೇಡ.

ನೂರಾರು ಮಕ್ಕಳ ಲೈವ್ ಕ್ಲಾಸು, ರೆಕಾರ್ಡ್ ಮಾಡಿದ ವಿಡಿಯೋ ಇವೆಲ್ಲ ತಾನಾಗಿ ಕೂತು ಓದುವ ಮಗುವಿಗೆ. ಅಂಥ ಮಗುವಿಗೆ ಉಚಿತವಾಗಿಯೇ ಬೇಕಾದಷ್ಟು ಸಿಗುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆಪಿನಲ್ಲಿ ಆ ಪಾಠ ತೆರೆದುಕೊಳ್ಳುತ್ತದೆ. ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲೂ ಗಣಿತ ಇದೆ. ಬೆಂಗಳೂರಿನ ಅಕ್ಷರ ಫೌಂಡೇಶನ್ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಂತ ಗಣಿತದ ಉಚಿತ ಆಪ್ ಮಾಡಿದೆ.

ದುಡ್ಡು ಕೊಟ್ಟು ಆಪ್ ತೆಗೆದುಕೊಳ್ಳುವುದಾದರೆ ತಿಂಗಳ ಲೆಕ್ಕದಲ್ಲಿ ತೆಗೆದುಕೊಳ್ಳಿ. ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಡಿ, ಸಾಲ ಮಾಡಿ ಇಎಂಐ ಹಾಕಿಸಿಕೊಳ್ಳುವುದಂತೂ ಬೇಡವೇ ಬೇಡ. ಇಲ್ಲೇ ಬೆಂಗಳೂರಿನಲ್ಲಿ ಬೆಳೆದ ಬೈಜೂಸ್‌ನಂಥ ದೊಡ್ಡ ಕಂಪನಿಯೇ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕಂಪನಿ ಏನಾದರೂ ಆಗಲಿ, ಇಎಂಐ ಕಟ್ಟುವುದು ನಿಮಗೆ ತಪ್ಪುವುದಿಲ್ಲ.

ಕೋಚಿಂಗ್ ಸೆಂಟರ್, ಇಂಟಿಗ್ರೇಟೆಡ್ ಪಿಯು

ಇಂಟಿಗ್ರೇಟೆಡ್ ಅಂದರೆ ಪಿಯು ಪಾಠದ ಜೊತೆಗೇ ಪ್ರವೇಶ ಪರೀಕ್ಷೆಯ ಕೋಚಿಂಗನ್ನೂ ಕೊಡುವ ಕಾಲೇಜು. ಇಲ್ಲಿ ದೊಡ್ಡ ಮೊತ್ತ ಕೈಬಿಟ್ಟು ಹೋಗುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಮಗು ಯಾವ ಪರೀಕ್ಷೆಗೆ ಹೋಗುತ್ತಿದೆ ಅಂತ ಬಿಡಿಸಿಕೊಳ್ಳಿ. ರಾಜ್ಯದ ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳ ಸಿಇಟಿ ಬೇರೆ, ಐಐಟಿಯಂಥ ಕಾಲೇಜುಗಳ ಜೆಇಇ ಬೇರೆ, ಮೆಡಿಕಲ್ ಸೀಟಿನ ನೀಟ್ ಬೇರೆ. ಕರ್ನಾಟಕದ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಸಿಇಟಿ ಅಂಕ, ಇನ್ನರ್ಧ ದ್ವಿತೀಯ ಪಿಯು ಅಂಕ. ಅಂದರೆ ಸಿಇಟಿಯಲ್ಲಿ ಒಳ್ಳೆ ಕಾಲೇಜು ಬೇಕು ಅನ್ನುವ ಮಗುವಿಗೆ ಪಿಯು ಪಠ್ಯವನ್ನು ಗಟ್ಟಿ ಮಾಡಿಕೊಳ್ಳುವುದೇ ಅರ್ಧ ಕೆಲಸ. ಉಳಿದದ್ದು ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ವೇಗ. ಇದಕ್ಕೆ ಕಾಲೇಜಿನ ಪಾಠ, ಹಳೆಯ ಪ್ರಶ್ನೆಪತ್ರಿಕೆ, ಕೊನೆಯಲ್ಲಿ ಒಂದು ಕ್ರ್ಯಾಶ್ ಕೋರ್ಸ್ ಸಾಕಾಗುವ ಮಕ್ಕಳು ಬಹಳ ಮಂದಿ ಇದ್ದಾರೆ. ಎರಡು ವರ್ಷದ ಇಂಟಿಗ್ರೇಟೆಡ್ ಫೀಸ್ ಕಟ್ಟುವ ಮೊದಲು ಇದನ್ನು ಯೋಚಿಸಿ.

ನೀಟ್ ಮತ್ತು ಜೆಇಇ ಮಾತು ಬೇರೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ. ಅಲ್ಲಿ ಯಾವುದನ್ನು ಬಿಡಬೇಕು ಅನ್ನುವ ಅಭ್ಯಾಸವೂ ಬೇಕು, ವಾರ ವಾರ ಟೆಸ್ಟ್ ಬೇಕು. ಒಳ್ಳೆಯ ಕೋಚಿಂಗ್ ಸೆಂಟರ್ ಇದನ್ನು ಚೆನ್ನಾಗಿ ಮಾಡಿಸುತ್ತದೆ. ಮಗುವಿಗೆ ನಿಜವಾದ ಆಸೆ ಇದ್ದು, ವಿಜ್ಞಾನದ ಬುನಾದಿಯೂ ಇದ್ದರೆ ಕೊಟ್ಟ ಫೀಸಿಗೆ ಅರ್ಥವಿದೆ. ಆಸೆ ಅಪ್ಪನದು ಮಾತ್ರ ಆಗಿದ್ದರೆ ಎರಡು ವರ್ಷ ಮನೆಯಲ್ಲಿ ಜಗಳವೇ ಆಗುತ್ತದೆ.

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಕೊಡಿಸುತ್ತೇವೆ ಅಂತ ಭರವಸೆ ಕೊಡಬಾರದು, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕ್ಲಾಸ್ ಬೇಡ, ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸನ್ನು 10 ದಿನದೊಳಗೆ ವಾಪಸ್ ಕೊಡಬೇಕು ಅಂತ ಅದರಲ್ಲಿದೆ. ಮಾರ್ಗಸೂಚಿ ಅಂದ ಮೇಲೆ ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟಿದ್ದು. ಹಾಗಿದ್ದರೂ ಸೆಂಟರಿನಲ್ಲಿ ಕೂತಾಗ ಇದನ್ನು ಮುಂದಿಟ್ಟು ಕೇಳಿ. "ನಡುವೆ ಬಿಟ್ಟರೆ ಎಷ್ಟು ವಾಪಸ್? ಬರೆದು ಕೊಡ್ತೀರಾ?" ಅನ್ನುವ ಪ್ರಶ್ನೆಗೆ ಅವರು ಹೇಗೆ ಉತ್ತರಿಸುತ್ತಾರೆ ಅನ್ನುವುದರಲ್ಲೇ ಬಹಳಷ್ಟು ತಿಳಿಯುತ್ತದೆ. ಫೀಸಿನ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಹೇಳಿದ ಮೊತ್ತದಲ್ಲಿ ಅದು ಸೇರಿದೆಯಾ ಅಂತಲೂ ಕೇಳಿ. ಜಾಹೀರಾತಿನಲ್ಲಿ ಹೇಳಿದ್ದೊಂದು, ಕೊಟ್ಟಿದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಕೋಚಿಂಗ್ ಜಾಹೀರಾತುಗಳ ಬಗ್ಗೆಯೇ 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಯಮ ತಂದಿದೆ. ಗೋಡೆಯ ಮೇಲೆ ಫೋಟೋ ಹಾಕಿದ ರ‍್ಯಾಂಕ್ ವಿದ್ಯಾರ್ಥಿ ಯಾವ ಕೋರ್ಸ್ ಓದಿದ್ದ ಅಂತಲೂ ಹೇಳಬೇಕು. ಎರಡು ವರ್ಷ ಓದಿದವನೂ ಒಂದು ವಾರದ ಟೆಸ್ಟ್ ಸೀರೀಸ್ ಬರೆದವನೂ ಒಂದೇ ಗೋಡೆಯ ಮೇಲೆ ಇರುತ್ತಿದ್ದರು.

ನಿದ್ದೆಯ ಲೆಕ್ಕವನ್ನೂ ಹಾಕಿ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಬೆಳಿಗ್ಗೆ ಏಳಕ್ಕೆ ಕಾಲೇಜು, ಸಂಜೆ ಆರರವರೆಗೆ ಕೋಚಿಂಗ್, ಅಲ್ಲಿಂದ ಬಸ್ಸು, ಮನೆಗೆ ಬಂದು ಹೋಮ್‌ವರ್ಕ್. ಇದರಲ್ಲಿ ಎಂಟು ಗಂಟೆ ಎಲ್ಲಿಂದ ಬರಬೇಕು? ಸೇರಿಸುವ ಮೊದಲು ಟೈಮ್ ಟೇಬಲ್ ಕಾಗದದ ಮೇಲೆ ಬರೆದು ನೋಡಿ.

ಇನ್ನು ಆರನೇ ಕ್ಲಾಸಿನಿಂದಲೇ ಐಐಟಿ ಫೌಂಡೇಶನ್ ಅಂತ ಶುರುವಾಗಿರುವುದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹನ್ನೊಂದು ವರ್ಷದ ಮಗುವಿಗೆ ಅದು ಬೇಡ. ಆ ಸಮಯದಲ್ಲಿ ಆಟ ಆಡಲಿ, ಕತೆ ಪುಸ್ತಕ ಓದಲಿ.

ಟ್ಯೂಷನ್ ಇಲ್ಲದೆ

ಇದನ್ನೂ ಒಂದು ಆಯ್ಕೆಯಾಗಿ ಗಂಭೀರವಾಗಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ದಿನಾ ನಲವತ್ತು ನಿಮಿಷ ಅಪ್ಪನೋ ಅಮ್ಮನೋ ಫೋನ್ ಬದಿಗಿಟ್ಟು ಪಕ್ಕದಲ್ಲಿ ಕೂತರೆ ಐದನೇ ಕ್ಲಾಸಿನವರೆಗೆ ಬೇರೆ ಯಾರೂ ಬೇಕಿಲ್ಲ. ನಿಮಗೆ ಇಂಗ್ಲಿಷ್ ಬರದಿದ್ದರೂ ನಡೆಯುತ್ತದೆ. "ಇವತ್ತು ಏನು ಹೇಳಿಕೊಟ್ಟರು, ನನಗೆ ಹೇಳು" ಅನ್ನಿ. ಮಗು ಹೇಳಲಿಕ್ಕೆ ಹೊರಟರೆ ಎಲ್ಲಿ ಅರ್ಥವಾಗಿಲ್ಲ ಅಂತ ಅದಕ್ಕೇ ತಿಳಿಯುತ್ತದೆ. ತಾಳ್ಮೆ ಕೆಟ್ಟು ದಿನಾ ಕೂಗಾಟ ಆಗುತ್ತಿದ್ದರೆ ಮಾತ್ರ ಬೇರೆಯವರಿಗೆ ಬಿಡುವುದು ಒಳ್ಳೆಯದು. ಕಲಿಕೆಗಿಂತ ನಿಮ್ಮಿಬ್ಬರ ಸಂಬಂಧ ಮುಖ್ಯ.

ನಿಮ್ಮ ಬೀದಿಯಲ್ಲೇ ಪಿಯು ಅಥವಾ ಡಿಗ್ರಿ ಓದುವ ಅಕ್ಕ, ಅಣ್ಣ ಇದ್ದರೆ ವಾರಕ್ಕೆ ಎರಡು ದಿನ ಕೇಳಿ ನೋಡಿ. ಮೊನ್ನೆ ಮೊನ್ನೆ ತಾನೇ ಅದೇ ಪಾಠ ಕಲಿತವರಿಗೆ ಮಗು ಎಲ್ಲಿ ಎಡವುತ್ತದೆ ಅಂತ ನೆನಪಿರುತ್ತದೆ. ಮನೆಯಲ್ಲಿ ಕೂತು ಓದಲು ಜಾಗವಿಲ್ಲದ ದೊಡ್ಡ ಮಕ್ಕಳಿಗೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯ ಇದೆ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ.

ಕೆಲವು ನಿರ್ದಿಷ್ಟ ಸಂದರ್ಭ

ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗುವುದೇ ಕಷ್ಟ ಅನ್ನುವ ಮಗುವಿಗೆ ದೊಡ್ಡ ಕೋಚಿಂಗ್ ಬೇಡ. ನಾಲ್ಕೈದು ಮಕ್ಕಳ ಬ್ಯಾಚು, ಇಲ್ಲವೇ ಒಬ್ಬರು ಮೇಷ್ಟ್ರು ಬೇಕು. ಪೂರ್ತಿ ಪೋರ್ಷನ್ ಹಿಂದೆ ಓಡದೆ ಮಗುವಿಗೆ ಬರುವ ಪಾಠಗಳನ್ನು ಗಟ್ಟಿ ಮಾಡಿಸುವವರು ಬೇಕು. ಗಣಿತದಲ್ಲಿ 80 ಅಂಕ ಲಿಖಿತ, 20 ಆಂತರಿಕ. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ, ಅವನ್ನೇ ಬರೆಸಲಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇರುವುದರಿಂದ ಮೊದಲನೆಯದರಲ್ಲಿ ಹೋದರೂ ವರ್ಷ ಹಾಳಾಗುವುದಿಲ್ಲ. ಈ ಮಾತನ್ನು ಮಗುವಿಗೆ ನೀವೇ ಹೇಳಿ, ಅದರ ಎದೆಯ ಭಾರ ಎಷ್ಟೋ ಇಳಿಯುತ್ತದೆ.

ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯ ಮಕ್ಕಳಿಗೆ ಕನ್ನಡ ಟ್ಯೂಷನ್ ಹುಡುಕುವವರು ಈಗ ಜಾಸ್ತಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು. ಹೊರಗಿನಿಂದ ಬಂದ ಮನೆಯವರು ನೇರವಾಗಿ ಒತ್ತಕ್ಷರ, ಕಾಗುಣಿತಕ್ಕೆ ಮಗುವನ್ನು ಕೂರಿಸುತ್ತಾರೆ. ಮಾತೇ ಬಾರದ ಭಾಷೆಯನ್ನು ಬರೆಯುವುದು ಎಂಥ ಮಗುವಿಗೂ ಶಿಕ್ಷೆ. ಮೊದಲ ಕೆಲವು ತಿಂಗಳು ಮಾತಾಡಿಸುವ, ಕತೆ ಹೇಳುವ ಮಿಸ್ ಹುಡುಕಿ. ಪಕ್ಕದ ಮನೆಯ ಅಜ್ಜಿಯ ಜೊತೆ ದಿನಾ ಅರ್ಧ ಗಂಟೆ ಕಳೆದರೂ ಆಗುತ್ತದೆ.

ಒಂದರಿಂದ ಮೂರನೇ ಕ್ಲಾಸಿನ ಮಗು ಇನ್ನೂ ಓದಲು ತಡವರಿಸುತ್ತಿದ್ದರೆ ಟ್ಯೂಷನ್ನಿಗೆ ಹಾಕುವ ಮೊದಲು ಕಣ್ಣು, ಕಿವಿ ತೋರಿಸಿ. ಅಕ್ಷರ ಹಿಂದುಮುಂದು ಮಾಡುವುದು, ಓದಿದ್ದು ಉಳಿಯದಿರುವುದು ಬಹಳ ದಿನ ಮುಂದುವರಿದರೆ ಕಲಿಕೆಯ ತೊಂದರೆ ನೋಡುವ ತಜ್ಞರ ಹತ್ತಿರ ಹೋಗಬೇಕು. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಇಂಥ ಮಗುವಿಗೆ ಸಾಮಾನ್ಯ ಟ್ಯೂಷನ್ನಿನಲ್ಲಿ ಪೆಟ್ಟು, ಬೈಗುಳ ಬೀಳುವುದೇ ಹೆಚ್ಚು.

ಸೇರಿಸಿದ ಮೇಲೆ

ಒಂದು ತಿಂಗಳ ಫೀಸ್ ಮಾತ್ರ ಕೊಟ್ಟು ಶುರು ಮಾಡಿ. ಆರು ವಾರಕ್ಕೆ ಅದೇ ಹಳೆಯ ಉತ್ತರಪತ್ರಿಕೆ ಮತ್ತೆ ತೆಗೆದು, ಮುಟ್ಟದೆ ಬಿಟ್ಟಿದ್ದ ಲೆಕ್ಕಗಳನ್ನು ಮಾಡಲು ಹೇಳಿ. ಮಾರ್ಕ್ಸ್ ಏರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಬೇರೆ ಗುರುತುಗಳು ಕಾಣುತ್ತವೆ. ಮಗು ಹೇಳಿಸಿಕೊಳ್ಳದೆ ಪುಸ್ತಕ ತೆಗೆಯುತ್ತದೆ. "ಇದು ಹೀಗೇ ಯಾಕೆ?" ಅಂತ ಕೇಳುತ್ತದೆ. ಶಾಲೆಯಲ್ಲಿ ಕೈ ಎತ್ತಿದೆ ಅಂತ ಟೀಚರ್ ಹೇಳುತ್ತಾರೆ. ಇದಕ್ಕೆ ವಿರುದ್ಧವಾಗಿ, "ಟ್ಯೂಷನ್ನಲ್ಲಿ ಹೇಗಿದ್ರೂ ಹೇಳ್ತಾರೆ" ಅಂತ ಶಾಲೆಯಲ್ಲಿ ಪಾಠ ಕೇಳುವುದನ್ನೇ ಬಿಟ್ಟರೆ, ಮಿಸ್ ಇಲ್ಲದೆ ಒಂದು ಲೆಕ್ಕವನ್ನೂ ಶುರು ಮಾಡದಿದ್ದರೆ, ಆ ಟ್ಯೂಷನ್ ಕೆಡಿಸುತ್ತಿದೆ. ಮಾರ್ಕ್ಸ್ ಏರಿದ್ದರೂ ನಿಲ್ಲಿಸುವುದರ ಬಗ್ಗೆ ಮಾತಾಡಿ.

ಬದಲಾಯಿಸುವುದಿದ್ದರೆ ದಸರಾ ರಜೆ ಒಳ್ಳೆಯ ಸಮಯ. ಅರ್ಧ ವರ್ಷದ ಪರೀಕ್ಷೆ ಮುಗಿದಿರುತ್ತದೆ, ಉತ್ತರಪತ್ರಿಕೆ ಕೈಯಲ್ಲಿರುತ್ತದೆ, ಹಳೆಯ ಕೊರತೆ ತುಂಬಿಕೊಳ್ಳಲು ಇನ್ನೂ ನಾಲ್ಕು ತಿಂಗಳು ಇರುತ್ತದೆ. ಜನವರಿ ದಾಟಿದ ಮೇಲೆ ಹತ್ತನೇ ಕ್ಲಾಸಿನ ಮಗುವಿಗೆ ಹೊಸ ಮೇಷ್ಟ್ರು, ಹೊಸ ವಿಧಾನ ಬೇಡ. ಇದ್ದವರ ಹತ್ತಿರವೇ ಮಾದರಿ ಪ್ರಶ್ನೆಪತ್ರಿಕೆ ಬರೆಯಲಿ. ನಿಲ್ಲಿಸುವಾಗ ಒಂದು ತಿಂಗಳು ಮೊದಲೇ ಮಿಸ್ಸಿಗೋ ಮೇಷ್ಟ್ರಿಗೋ ನೇರವಾಗಿ ಹೇಳಿ, ಮಗು ಎಲ್ಲಿಗೆ ಬಂದಿದೆ, ಇನ್ನೇನು ಉಳಿದಿದೆ ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮುಂದೆ ಹೇಳಿಕೊಡುವವರು ಯಾರೇ ಆಗಿರಲಿ, ಆ ಹಾಳೆಯಿಂದಲೇ ಶುರು ಮಾಡಬಹುದು.